ಎರಡೂ ಕೈ ಒಟ್ಟಿಗೆ

ಕಳೆದ ವಾರ ಬಸವನಗುಡಿಯಲ್ಲಿ ಮಗಳು ತನ್ನ ಮೊದಲ ಸ್ಟೇಟ್ ಮೀಟ್ ಈಜಿದಳು. ಪದಕ ಬರಲಿಲ್ಲ. ಆದರೆ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ತನ್ನ ಹಳೇ ಟೈಮಿಗಿಂತ ಮೂರು ಸೆಕೆಂಡ್ ಬೇಗ ಮುಗಿಸಿದಳು. ನಮ್ಮ ಮನೆಗೆ ಅದೇ ಹಬ್ಬ.

ಸರಸ್ವತಿಪುರಂ ಈಜುಕೊಳದಲ್ಲಿ ಚಳಿಯಲ್ಲೂ ನಿಂತು ಕಲಿಸಿದ ಕೋಚ್ ಸರ್, ರಜೆ ಕೊಟ್ಟ ಟೀಚರ್, ಡಬ್ಬಿ ಕಟ್ಟಿಕೊಟ್ಟ ಅತ್ತೆ, ನಸುಕಿನಲ್ಲಿ ಸ್ಟೇಷನ್ನಿಗೆ ಬಿಟ್ಟ ಆಟೋ ಅಣ್ಣ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ಕುವೆಂಪುನಗರದ ಅಕ್ಕನ ವಿಷಯ.

ನಮ್ಮ ಮನೆಯಲ್ಲಿ ಯಾರಿಗೂ ಈಜು ಬರಲ್ಲ. ಹಿಂದೆ ಮೊಟ್ಟಮೊದಲ ಮೀಟ್‌ನಲ್ಲಿ ಮಗಳು ತನ್ನ ಹೀಟ್‌ನಲ್ಲಿ, ಅಂದರೆ ಒಟ್ಟಿಗೆ ಈಜಿದ ಗುಂಪಿನಲ್ಲಿ, ಎಲ್ಲರಿಗಿಂತ ಮುಂದೆ ಬಂದಳು. ಗೆದ್ದಳು ಅಂತ ನೆಂಟರಿಗೆಲ್ಲ ಫೋನ್ ಮಾಡಿದೆ. ಗೋಡೆಗೆ ಪಟ್ಟಿ ಅಂಟಿಸಿದಾಗ ನೋಡಿದರೆ ಹನ್ನೊಂದನೇ ಸ್ಥಾನ. ಪಕ್ಕದಲ್ಲಿದ್ದ ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದರು. "ನೋಡಮ್ಮ, ಎಲ್ಲ ಹೀಟ್‌ಗಳ ಟೈಮ್ ಒಟ್ಟಿಗೆ ನೋಡಿ ಸ್ಥಾನ ಕೊಡ್ತಾರೆ. ಎಂಟು ಲೇನ್ ಇದ್ರೆ ಹೀಟ್‌ನಲ್ಲಿ ಎಲ್ಲರಿಗಿಂತ ವೇಗದ ಮಗು ನಾಲ್ಕನೇ ಲೇನ್‌ಗೆ, ಆಮೇಲಿನವರು ಐದಕ್ಕೆ, ಮೂರಕ್ಕೆ, ಆರಕ್ಕೆ." ಆಮೇಲೆ ಬ್ಯಾಗಿನಿಂದ ಪೆನ್ ತೆಗೆದು ಮಗಳ ಮೊಣಕೈ ಕೆಳಗೆ ಮುಂದಿನ ಈವೆಂಟ್, ಹೀಟ್, ಲೇನ್ ನಂಬರ್ ಬರೆದರು. ಆ ಗದ್ದಲದಲ್ಲಿ ಹೆಸರು ಕೂಗಿದರೆ ಕೇಳಿಸಲ್ಲ ಅಲ್ವಾ.

ಹೋದ ವರ್ಷ ಬೆಂಗಳೂರಿನ ಮೀಟ್‌ನಲ್ಲಿ ಮಗಳು ಡಿಸ್‌ಕ್ವಾಲಿಫೈ ಆಗಿದ್ದು ನಿಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತು. ಒಂದು ಮಾತು ಮಾತ್ರ ಯಾರಿಗೂ ಹೇಳಿರಲಿಲ್ಲ. ಡಿಸ್‌ಕ್ವಾಲಿಫೈ ಆಗಿ ಬಂದ ಮಗುವನ್ನು ಲಾಡ್ಜ್ ರೂಮಿನಲ್ಲಿ ನಿಲ್ಲಿಸಿ, "ಮೋಸ ಮಾಡಿದ್ಯಾ?" ಅಂತ ಕೇಳಿಬಿಟ್ಟೆ. ನಿಯಮ ಏನು ಅಂತ ನನಗೇ ಗೊತ್ತಿರಲಿಲ್ಲ. ಹತ್ತು ವರ್ಷದ ಕೂಸು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿತು. ಆ ಮಾತು ಈಗಲೂ ನನ್ನ ಎದೆ ಸುಡುತ್ತದೆ.

ಪಕ್ಕದ ರೂಮಿನಿಂದ ಅಕ್ಕ ಮೊಸರನ್ನದ ಡಬ್ಬಿ ಹಿಡಿದು ಬಂದರು. ನನಗೆ ಏನೂ ಅನ್ನಲಿಲ್ಲ. ಮಗಳಿಗೆ ನಾಲ್ಕು ತುತ್ತು ತಿನ್ನಿಸಿ ಬಾಗಿಲ ಮುಂದೆ ನಿಲ್ಲಿಸಿದರು. "ಫ್ರೀಸ್ಟೈಲ್‌ಗೆ ಒಂದು ಕೈ ಸಾಕು ಕಂದಾ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗೆ ಎರಡೂ ಕೈ ಒಂದೇ ಸಲ ಗೋಡೆ ಮುಟ್ಟಬೇಕು. ಒಂದು ಮೇಲೆ ಒಂದು ಕೆಳಗೆ ಇದ್ರೂ ಪರವಾಗಿಲ್ಲ. ನಿನ್ನ ಬಲಗೈ ಸ್ವಲ್ಪ ಮೊದಲು ಹೋಯ್ತು, ಅಷ್ಟೇ."

ಅವಳು ಬಾಗಿಲು ಮುಟ್ಟಿದಳು. ಪಟ್ ಪಟ್ ಅಂತ ಎರಡು ಸದ್ದು. "ಇನ್ನೊಂದ್ಸಲ." ಕೊನೆಗೆ ಪಟ್ ಅಂತ ಒಂದೇ ಸದ್ದು ಬಂದಾಗ ಮಗಳ ಮುಖ ಅರಳಿತು. ಅಕ್ಕನ ಮಗನಿಗೆ ಬೆಳಗ್ಗೆಯೇ ವಾರ್ಮಪ್ ಇತ್ತು. ಆದರೂ ರಾತ್ರಿ ಎರಡು ಗಂಟೆವರೆಗೆ ಮಗುವಿನ ತಲೆ ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

ಬಸವನಗುಡಿಯಲ್ಲಿ 50 ಮೀಟರ್ ಕೊಳ. 100 ಮೀಟರಿಗೆ ಒಂದು ಟರ್ನ್, ಒಂದು ಫಿನಿಷ್. ಎರಡು ಸಲವೂ ನಾನು ಉಸಿರು ಬಿಗಿಹಿಡಿದು ಅವಳ ಕೈಗಳನ್ನೇ ನೋಡುತ್ತಿದ್ದೆ. ಮೇಲೆ ಬಂದವಳು ಟೈಮ್ ಕೂಡ ಕೇಳಲಿಲ್ಲ. ಒದ್ದೆ ಕೈಯಲ್ಲೇ ನನ್ನ ಫೋನ್ ಕಿತ್ತುಕೊಂಡಳು.

"ಆಂಟೀ, ಒಂದೇ ಸದ್ದು!"

ಅಕ್ಕ, ನಿಮ್ಮ ಪೆನ್ ನಮ್ಮ ಬ್ಯಾಗಿನಲ್ಲೇ ಇದೆ. ಭಾನುವಾರ ಸಂಜೆ ಮನೆಗೆ ಬರ್ತೀವಿ.