ಪೋಲೆಂಡಿನ ಕ್ರಾಕೋವ್‌ನಿಂದ ಅಪ್ಪನಿಗೆ

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಸಮ್ಮೇಳನ ಮುಗಿಯಿತು, ನನ್ನ ಪ್ರಬಂಧವನ್ನು ಜನ ಮನಸ್ಸಿಟ್ಟು ಕೇಳಿದರು. ಊಟದ ಚಿಂತೆ ಬೇಡವೆಂದು ಅವ್ವನಿಗೆ ಹೇಳಿ. ಆಲೂಗಡ್ಡೆ, ಚೀಸ್ ತುಂಬಿ ಬೇಯಿಸಿದ ಪಿಯರೋಗಿ ಎಂಬ ಕಡುಬು ಎಲ್ಲ ಕಡೆ ಸಿಗುತ್ತದೆ.

ಈಗ ಕಾಝಿಮಿಯೆಷ್ ಎಂಬ ಹಳೆಯ ಯಹೂದಿ ಬಡಾವಣೆಯ ಪುಟ್ಟ ಹೋಟೆಲಿನಲ್ಲಿದ್ದೇನೆ. 1335ರಲ್ಲಿ ರಾಜ ಮೂರನೆಯ ಕಾಝಿಮಿಯೆಷ್ ಇದನ್ನು ಬೇರೆ ಊರಾಗಿಯೇ ಕಟ್ಟಿಸಿದ. 1495ರಲ್ಲಿ ಕ್ರಾಕೋವ್‌ನ ಯಹೂದಿಗಳನ್ನೆಲ್ಲ ಇಲ್ಲಿಗೆ ಕಳುಹಿಸಿದರು. ಅಲ್ಲಿಂದ ನಾನೂರೈವತ್ತು ವರ್ಷ ಇದು ಅವರ ಊರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕ್ರಾಕೋವ್‌ನಲ್ಲಿ ಸುಮಾರು 60,000 ಯಹೂದಿಗಳಿದ್ದರು, ಊರಿನ ಕಾಲು ಭಾಗ ಜನ.

ಹೋಟೆಲ್ ಮೊದಲು ಯಾರದೋ ಮನೆಯಾಗಿತ್ತು. ನನ್ನ ಕೋಣೆಯ ಬಾಗಿಲಿನ ಬಲಚೌಕಟ್ಟಿನಲ್ಲಿ, ಭುಜದೆತ್ತರಕ್ಕೆ, ಬೆರಳುದ್ದದ ಓರೆಯಾದ ತಗ್ಗೊಂದಿದೆ. ಎಷ್ಟೋ ಸಲ ಬಣ್ಣ ಬಳಿದಿದ್ದರೂ ಅದು ಮುಚ್ಚಿಲ್ಲ, ಮೇಲೆ ಕೆಳಗೆ ಮೊಳೆಯ ತೂತುಗಳೂ ಇವೆ. ಧರ್ಮಗ್ರಂಥದ ಸಾಲುಗಳನ್ನು ಚರ್ಮದ ಹಾಳೆಯಲ್ಲಿ ಬರೆದು, ಸುರುಳಿ ಸುತ್ತಿ, ಕೊಳವೆಯಲ್ಲಿಟ್ಟು ಯಹೂದಿಗಳು ಬಾಗಿಲಿಗೆ ಬಡಿಯುತ್ತಾರೆ. ಅದಕ್ಕೆ ಮೆಝುಝಾ ಎಂದು ಹೆಸರು. ಅವ್ವ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚದೆ ದಿನ ಶುರು ಮಾಡುವುದಿಲ್ಲವಲ್ಲ, ಅಂಥದೇ ಒಂದು ನಿಷ್ಠೆ. ಒಳಗೆ ಹೋಗುವಾಗಲೆಲ್ಲ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಇದು ಯಾರ ಮನೆ ಎಂದು ಹೋಟೆಲಿನವರಿಗೂ ತಿಳಿಯದು.

ಪಕ್ಕದ ಶೆರೋಕಾ ಬೀದಿಯಲ್ಲಿ ಹದಿನಾರನೆಯ ಶತಮಾನದ ರೆಮು ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ, ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಹಿಂದಿನ ಸ್ಮಶಾನವನ್ನು ನಾಜಿಗಳು ಧ್ವಂಸ ಮಾಡಿದ್ದರು. ಒಡೆದ ಸಮಾಧಿಕಲ್ಲುಗಳ ಚೂರುಗಳನ್ನು ಆಯ್ದು ಯುದ್ಧಾನಂತರ ಒಂದು ಗೋಡೆ ಕಟ್ಟಿದ್ದಾರೆ. ಒಂದು ಚೂರಿನಲ್ಲಿ ಅರ್ಧ ಅಕ್ಷರ, ಇನ್ನೊಂದರಲ್ಲಿ ಸಿಂಹದ ಪಂಜ. ಒಡೆಯದೆ ಉಳಿದ ಕೆಲವೇ ಕಲ್ಲುಗಳಲ್ಲಿ 1572ರಲ್ಲಿ ತೀರಿಕೊಂಡ ಧರ್ಮಪಂಡಿತ ಮೋಸೆಸ್ ಇಸ್ಸರ್ಲೆಸರದೂ ಒಂದು. ಅದರ ಮೇಲೆ ಜನ ಹೂವಿನ ಬದಲು ಬೆಣಚುಕಲ್ಲು ಇಟ್ಟು ಹೋಗುತ್ತಾರೆ. ನಾನೂ ಇಟ್ಟೆ.

ವಿಸ್ತುಲಾ ನದಿ ದಾಟಿದರೆ ಪೊಡ್ಗುಝೆ ಎಂಬ ಬಡಾವಣೆ. 1941ರ ಮಾರ್ಚಿನಲ್ಲಿ ಊರಿನಲ್ಲಿ ಉಳಿದಿದ್ದ ಯಹೂದಿಗಳನ್ನು ನಾಜಿಗಳು ಅಲ್ಲಿ ಗೋಡೆಯೊಳಗೆ ಕೂಡಿಹಾಕಿದರು. 1943ರ ಮಾರ್ಚಿನಲ್ಲಿ ಅದನ್ನೂ ಬರಿದು ಮಾಡಿದರು: ದುಡಿಯಬಲ್ಲವರು ಪ್ವಾಶೂವ್ ಶಿಬಿರಕ್ಕೆ, ಉಳಿದವರಲ್ಲಿ ಅನೇಕರಿಗೆ ಅಲ್ಲೇ ಗುಂಡು, ಮಿಕ್ಕವರು ಆಶ್ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ. ಚೌಕದ ತುಂಬ ಅವರ ಮೇಜು ಕುರ್ಚಿಗಳು ಬಿದ್ದಿದ್ದವಂತೆ. ಅದಕ್ಕೇ ಈಗ ಅಲ್ಲಿ ಲೋಹದ ಖಾಲಿ ಕುರ್ಚಿಗಳನ್ನು ನಿಲ್ಲಿಸಿದ್ದಾರೆ. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದೆ ಬಂದುಬಿಟ್ಟೆ.

ಸಂಜೆ ಶೆರೋಕಾದ ಉಪಾಹಾರ ಮಂದಿರಗಳಲ್ಲಿ ಯಹೂದಿ ಸಂಗೀತ, ಯಹೂದಿ ಹೆಸರಿನ ಅಡುಗೆ. ಮನೆಯವರಿಲ್ಲದ ಮನೆಯಲ್ಲಿ ಹಬ್ಬ ಮಾಡಿದಂತೆ ಅನ್ನಿಸಿ ಮನಸ್ಸಿಗೆ ಹಿಂಸೆಯಾಯಿತು. ಆದರೆ ಮಿಯೊದೊವಾ ಬೀದಿಯಲ್ಲಿ 2008ರಲ್ಲಿ ಶುರುವಾದ ಯಹೂದಿ ಸಮುದಾಯ ಕೇಂದ್ರವಿದೆ. ಶುಕ್ರವಾರ ಸಂಜೆ ಅಲ್ಲಿಗೆ ಸಬ್ಬತ್ (ಯಹೂದಿಗಳ ವಾರದ ಪವಿತ್ರ ವಿಶ್ರಾಂತಿ ದಿನ) ಊಟಕ್ಕೆ ಮುದುಕರು, ಮಕ್ಕಳು, ಹರೆಯದವರು ಬರುವುದನ್ನು ಕಂಡಾಗ ಜೀವಕ್ಕೆ ಸಮಾಧಾನವಾಯಿತು. ಸ್ವಲ್ಪವೇ ಜನ, ನಿಜ. ಆದರೆ ಅವರು ಪ್ರವಾಸಿಗರಲ್ಲ.

ಇನ್ನೊಂದು ವಿಷಯ. ನಾನು ಭಾರತದವಳೆಂದು ತಿಳಿದ ಕೂಡಲೇ ಹೋಟೆಲಿನ ಅಜ್ಜಿ ಗುಜರಾತಿನ ನವಾನಗರದ ಮಹಾರಾಜ ಜಾಮ್‌ಸಾಹೇಬರನ್ನು ನೆನೆದರು. ಸೈಬೀರಿಯಾದಿಂದ ಪಾರಾಗಿ ಬಂದ ಪೋಲಿಷ್ ಮಕ್ಕಳಿಗೆ ಅವರು ಬಾಲಾಚಡಿಯಲ್ಲಿ ಆಶ್ರಯ ಕೊಟ್ಟವರು. ನಮ್ಮ ನಿಪ್ಪಾಣಿಯಿಂದ ದೂರವಲ್ಲದ ಕೊಲ್ಲಾಪುರದ ವಳಿವಡೆಯಲ್ಲೂ 1943ರಿಂದ 48ರವರೆಗೆ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಬಹುತೇಕ ಕ್ರೈಸ್ತರು. ಅಜ್ಜ ಆಗ ಬೆಲ್ಲದ ಗಾಡಿ ಹೊಡೆದುಕೊಂಡು ಕೊಲ್ಲಾಪುರದ ಪೇಟೆಗೆ ಹೋಗುತ್ತಿದ್ದರಲ್ಲವೇ? ಆ ಜನರ ಬಗ್ಗೆ ನಿಮ್ಮ ಮುಂದೆ ಏನಾದರೂ ಹೇಳಿದ್ದರೇ? ದೊಡ್ಡತ್ತೆಯನ್ನೂ ಕೇಳಿ ಬರೆಯಿರಿ. ಹೊರಡುವ ಮೊದಲು ಈ ಅಜ್ಜಿಗೆ ಹೇಳಬೇಕು.

ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು