ತನ್ನನ್ನೇ ಹಳಿದುಕೊಳ್ಳುವ ಮಾತುಗಳ ಬಗ್ಗೆ

ಸದಸ್ಯರಿಗೆ ನಮಸ್ಕಾರ. ಈಚೆಗೆ ಗುಂಪಿನಲ್ಲಿ "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂಬ ಧಾಟಿಯ ಸಂದೇಶಗಳು ಹೆಚ್ಚಾಗಿವೆ. ಬರೆದವರು ಸಂಕೋಚಪಡಬೇಕಿಲ್ಲ. ಆದರೆ ಇನ್ನು ಮುಂದೆ ಮೊದಲು ನಡೆದದ್ದನ್ನು, ಆಮೇಲೆ ಮನಸ್ಸು ಆಡಿದ ಮಾತನ್ನು ಬೇರೆ ಬೇರೆಯಾಗಿ ಬರೆಯಿರಿ. "ವರದಿಯಲ್ಲಿ ಎರಡು ತಪ್ಪು ಸಿಕ್ಕಿದವು" ಎಂಬುದು ಘಟನೆ. "ನಾನು ದಡ್ಡ" ಎಂಬುದು ತೀರ್ಪು. ಇಂಥ ತೀರ್ಪುಗಳು ಕರೆಯದೆಯೇ ಬರುತ್ತವೆ, ನಾವು ಪರೀಕ್ಷಿಸದೆ ನಂಬಿಬಿಡುತ್ತೇವೆ ಎಂಬುದನ್ನು ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲೇ ಗುರುತಿಸಿದ್ದರು. "ಯಾವಾಗಲೂ", "ಎಲ್ಲರೂ" ಎಂದು ಬಂದಲ್ಲಿ ವಿಶೇಷವಾಗಿ ಅನುಮಾನಿಸಿ.

ಇನ್ನೊಂದು ಉಪಾಯ ತುಸು ವಿಚಿತ್ರ: "ನಾನು" ಎನ್ನುವ ಬದಲು ನಿಮ್ಮ ಹೆಸರು ಹಿಡಿದು ಮನಸ್ಸಿನಲ್ಲೇ ಮಾತನಾಡಿಕೊಳ್ಳಿ. ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಭಾಷಣದಂಥ ಸಂದರ್ಭದ ಆತಂಕವನ್ನು ತಗ್ಗಿಸಿತ್ತು. "ನಾನು ಅದ್ಭುತ" ಎಂಬ ಬಲವಂತದ ಹೊಗಳಿಕೆ ಮಾತ್ರ ಬೇಡ; ನೊಂದ ಮನಸ್ಸು ಅದನ್ನು ನಂಬುವುದಿಲ್ಲ.

ಉತ್ತರಿಸುವವರು ದಯವಿಟ್ಟು "ಹಾಗೆಲ್ಲ ಯೋಚಿಸಬೇಡಿ" ಎಂದು ಬಾಯಿ ಮುಚ್ಚಿಸಬೇಡಿ, ಏನಾಯಿತೆಂದು ಕೇಳಿ. ಸಾಯುವ ಯೋಚನೆ ಬರುತ್ತಿದ್ದರೆ ಇಲ್ಲಿನ ಉತ್ತರಕ್ಕೆ ಕಾಯಬೇಡಿ. ಕೂಡಲೇ ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ, ಹತ್ತಿರದವರೊಬ್ಬರನ್ನು ಜೊತೆಗಿರಿಸಿಕೊಳ್ಳಿ.