ಪುಟ್ಟಿಗೆ, ಕುಮಟೆಯಿಂದ ಅತ್ತೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ಉಳಿದ ಸಂಗತಿಗೆಲ್ಲ ಇನ್ನೊಮ್ಮೆ ಉತ್ತರ ಬರೆಯುತ್ತೇನೆ. ಉರ್ಸಾ ಬೀಚಿಗೆ ಒಬ್ಬಳೇ ಹೋಗಿದ್ದನ್ನು ಬರೆದ ಕೊನೆಯ ಪುಟದಲ್ಲಿ ಒಂದು ಸಾಲಿದೆಯಲ್ಲ, “ಇಲ್ಲಿ ಬಿದ್ದು ಕೂಗಿಕೊಂಡರೂ ಯಾರಿಗೂ ಕೇಳಿಸಲ್ಲ ಅಂತ ಒಂದು ಗಳಿಗೆ ಭಯ ಆಯ್ತು ಅತ್ತೆ” ಅಂತ. ಅದರ ಬೆನ್ನಿಗೇ ಸೂರ್ಯ ಮುಳುಗಿದ್ದು, ಬಂಡೆ ಕೆಂಪಾದದ್ದು, ಮುಂದಿನ ತಿಂಗಳು ಮತ್ತೆ ಒಬ್ಬಳೇ ಹೋಗುವ ವಿಚಾರ. ನೀನು ಭಯವನ್ನು ಅಲ್ಲೇ ಬಿಟ್ಟು ಮುಂದಿನ ಮಾತಿಗೆ ಹೋದೆ. ನನಗೆ ಆ ಸಾಲು ದಾಟಲು ಆಗುತ್ತಿಲ್ಲ.

ಮೊಬೈಲಿನಲ್ಲಿ ನಿಮ್ಮ ಪೋರ್ಚುಗಲ್ಲಿನ ಆ ಉರ್ಸಾ ಬೀಚ್ ಹುಡುಕಿ, ಬೆರಳಿಂದ ದೊಡ್ಡದು ಮಾಡಿ ಮಾಡಿ ನೋಡಿದೆ. ಕಾಬೊ ದ ರೋಕಾ ಅಂದರೆ ಯುರೋಪಿನ ನೆಲದ ಪಡುವಣ ತುದಿ, 140 ಮೀಟರ್ ಎತ್ತರದ ಕಡಿದಾದ ಕಲ್ಲು. ಅದರ ಪಕ್ಕದಲ್ಲೇ ನಿನ್ನ ಬೀಚ್. ಉರ್ಸಾ ಅಂದರೆ ಹೆಣ್ಣು ಕರಡಿಯಂತೆ, ಚಿತ್ರದಲ್ಲಿ ಆ ಬಂಡೆ ನೋಡಿದೆ. ಚಂದ ಇದೆ, ಇಲ್ಲ ಅನ್ನುವುದಿಲ್ಲ. 1497ರಲ್ಲಿ ಲಿಸ್ಬನ್ನಿಂದ ಹೊರಟ ವಾಸ್ಕೋ ಡ ಗಾಮ ಮರುವರ್ಷ ನಮ್ಮ ಕಾರವಾರದೆದುರಿನ ಅಂಜುದೀವಿನಲ್ಲಿ ಬಂದು ತಂಗಿದ್ದ ಎಂದು ಎಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದೆನೋ. ಆ ಕಡೆಯ ಕಡಲಿನೆದುರು ನಮ್ಮನೆ ಹುಡುಗಿ ಒಬ್ಬಳೇ ನಿಂತಿರುತ್ತಾಳೆ ಎಂದು ಕನಸಲ್ಲೂ ಅಂದುಕೊಂಡಿರಲಿಲ್ಲ.

ಸೂರ್ಯ ಮುಳುಗುವತನಕ ಕೆಳಗೇ ಇದ್ದೆ ಅಂದೆ. ಹಾಗಾದರೆ ಆ ಜಾರುವ ಕಾಲುದಾರಿಯನ್ನು ಕತ್ತಲಲ್ಲಿ ಹೇಗೆ ಹತ್ತಿದೆ? ಅದನ್ನು ಬರೆದೇ ಇಲ್ಲ ನೀನು.

ನಿನ್ನ ದೊಡ್ಡಪ್ಪನ ಕಾಲಿನ ಕಥೆ ನಿನಗೆ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಅದರಲ್ಲಿ ಯಾರಿಗೂ ಹೇಳದೇ ಇದ್ದದ್ದು ಒಂದಿದೆ. ಅವತ್ತು ಶಿವರಾತ್ರಿ. ಗೋಕರ್ಣದಲ್ಲಿ ಜನವೋ ಜನ. ನಾವಿಬ್ಬರೂ ತಪ್ಪಿಸಿಕೊಂಡು ಗುಡ್ಡ ಹತ್ತಿ ಕುಡ್ಲೆ ಕಡೆಗೆ ಇಳಿದೆವು. ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ನೀರು ಇಳಿದಿತ್ತು. ಗುಡ್ಡದ ಬುಡದ ಬಂಡೆ ಸುತ್ತಿ ಆಚೆ ದಂಡೆಗೆ ಹೋಗೋಣ ಅಂದ ಅಣ್ಣ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ಹೋದೆ. ಕಲ್ಲಿನ ಕುಳಿಯೊಂದರಲ್ಲಿ ಬೆರಳುದ್ದದ ನೀಲಿ ಮೀನು ಸಿಕ್ಕಿಕೊಂಡಿತ್ತು. ಬಗ್ಗಿ ನೋಡುತ್ತ ಕೂತೆ. ಶಿವರಾತ್ರಿಯ ಮರುದಿನವೇ ಅಮಾವಾಸ್ಯೆ ಅಲ್ವಾ, ಆ ಹೊತ್ತಿಗೆ ಭರತ ಜೋರು, ಕಡಲ ನೀರು ಏರಿ ಬರುತ್ತದೆ. ಅದು ಇಬ್ಬರಿಗೂ ಹೊಳೆಯಲಿಲ್ಲ.

ಅಲೆಯ ಸದ್ದಿನಲ್ಲಿ ಅಣ್ಣ ಕೂಗಿದ್ದು ಪಾಪ ಅವಳಿಗೆ ಕೇಳಿಸಲಿಲ್ಲ ಅಂತ ಮನೆಯವರೆಲ್ಲ ಇವತ್ತಿಗೂ ಹೇಳುತ್ತಾರೆ. ಕೇಳಿಸಿತ್ತು, ಪುಟ್ಟಿ. ಒಂದೇ ಸಲ, ಸಣ್ಣಗೆ. ಕಡಲ ಹಕ್ಕಿ ಅಂದುಕೊಂಡೆ. ಮತ್ತೆ ಮೀನು ನೋಡಿದೆ. ತಲೆ ಎತ್ತುವ ಹೊತ್ತಿಗೆ ಬಂದ ದಾರಿಯ ಮೇಲೆ ನೀರು. ಅಣ್ಣನ ಕಾಲು ಕಲ್ಲಿನ ಸಂದಿನಲ್ಲಿ. ದೋಣಿಯವರು ಬರದೇ ಇದ್ದಿದ್ದರೆ ಏನು ಗತಿ.

ನಲವತ್ತು ವರ್ಷದ ಮೇಲಾಯಿತು. ಕೇಳಿಸಲಿಲ್ಲ ಎಂಬ ಮಾತಿನ ಮರೆಯಲ್ಲೇ ಇದ್ದುಬಿಟ್ಟೆ. ನಿನ್ನ ಸಾಲು ಓದಿದಾಗ ಮೊದಲು ಕಿವಿಗೆ ಬಂದದ್ದು ಆ ಕೂಗು.

ಹಾಗಾಗಿ ಹೋಗಬೇಡ ಅನ್ನಬೇಕು ಅನಿಸುತ್ತದೆ. ಅನ್ನುವುದಿಲ್ಲ. ನಾನು ಹೇಳಿದರೆ ನೀನು ಹೇಳದೇ ಹೋಗುತ್ತೀಯ, ಅದು ಇನ್ನೂ ಕೆಟ್ಟದ್ದು. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು ಅಷ್ಟೇ. ಸುಮ್ನೆ ಜೊತೆಗೆ ಬಂದವರಲ್ಲ, ನಿನ್ನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವವರು. ನಾನು ಅಣ್ಣನ ಜೊತೆಗೇ ಇದ್ದೆನಲ್ಲ.

ಭರತದ ಹೊತ್ತು ನೋಡಿಕೊಂಡೇ ಇಳಿ. ನಮ್ಮ ಕಡೆ ದೊಡ್ಡ ಭರತ ಅಂದರೂ ಏರುವುದು 2 ಮೀಟರ್ ಆಸುಪಾಸು. ನಿಮ್ಮಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ 3 ಮೀಟರ್ ದಾಟುತ್ತದೆ. ನೀರು ಇಳಿಯುತ್ತಿರುವಾಗ ಹೋಗಿ, ತಿರುಗಿ ಏರುವ ಮೊದಲು ಹೊರಡಬೇಕು. ಹೋದ ವಾರದ ಹೊತ್ತು ಈ ವಾರಕ್ಕೆ ಬರುವುದಿಲ್ಲ, ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಮುಂದೆ ಹೋಗುತ್ತದೆ. ನೀನು ಓದಿದವಳು, ಇದನ್ನೆಲ್ಲ ಹೇಳಬೇಕಿರಲಿಲ್ಲವೇನೋ.

ಬಂಡೆಯ ನೆರಳಲ್ಲಿ ಮಲಗಿದ್ದೆ ಅಂತಲೂ ಬರೆದಿದ್ದೀಯ. ಬೇಡಮ್ಮಾ. ನಿಮ್ಮ ದೇಶದಲ್ಲೇ, ಅಲ್ಬುಫೇರಾ ಹತ್ತಿರದ ಬೀಚಿನಲ್ಲಿ, 2009ರ ಆಗಸ್ಟ್‌ನಲ್ಲಿ ಬಂಡೆ ಕುಸಿದು ಬುಡದಲ್ಲಿದ್ದ 5 ಜನ ಹೋದರು. ಮಳೆಯೂ ಇರಲಿಲ್ಲ, ನಡು ಬೇಸಿಗೆ. ಮೇಲೆ ಎಷ್ಟು ಎತ್ತರವೋ ಅಷ್ಟಾದರೂ ದೂರ ಕೂರು. ಉರ್ಸಾದಲ್ಲಿ ಅಷ್ಟು ಜಾಗ ಇದೆಯೋ ಇಲ್ಲವೋ, ಇರುವಷ್ಟರಲ್ಲಿ ದೂರ.

ನೀರಿಗೆ ಇಳಿಯಲೇಬೇಡ ಅಂತ ನಿನ್ನ ಅಪ್ಪ ಹೇಳಿಯೇ ಇರುತ್ತಾನೆ. ಅಲ್ಲಿ ಕಾಯುವವರು ಯಾರೂ ಇಲ್ಲ, ನೀರೂ ಆಗಸ್ಟ್‌ನಲ್ಲೇ ಕೊರೆಯುವಷ್ಟು ತಣ್ಣಗೆ. ಒಂದು ಸೀಟಿ ಇಟ್ಟುಕೊಳ್ಳುತ್ತೀಯಾ? ಕಬಡ್ಡಿ ಆಡಿಸುವವರ ಕೊರಳಲ್ಲಿ ಇರುತ್ತದಲ್ಲ, ಅಂಥದ್ದು. ನೋಡಿದವರು ಏನಾದರೂ ಅಂದುಕೊಳ್ಳಲಿ. ಸೀಟಿಯನ್ನು ಯಾರೂ ಹಕ್ಕಿ ಅಂದುಕೊಳ್ಳುವುದಿಲ್ಲ. ಫೋನ್ ಸಿಗ್ನಲ್ ಇದ್ದರೆ 112, ಅದು ನಿನಗೆ ಗೊತ್ತಿರಬೇಕು.

ಜಾಸ್ತಿ ಹೇಳಿದೆನೇನೋ. ನಿನ್ನ ಖುಷಿಗೆ ಮಣ್ಣು ಹಾಕಲು ಬರೆದದ್ದಲ್ಲ. ಯಾರೂ ಇಲ್ಲದ ದಂಡೆಯ ಆಸೆ ನನಗೂ ಇತ್ತು. ಆಮೇಲೆ ಒಂದು ದಿನವೂ ಕುಡ್ಲೆಗೆ ಹೋಗಿಲ್ಲ ನಾನು, ಇಷ್ಟು ಹತ್ತಿರ ಇದ್ದೂ.

ಈ ಪತ್ರದ ವಿಷಯ ದೊಡ್ಡಪ್ಪನಿಗೆ ನೀನು ಹೇಳಬೇಡ. ಈ ಭಾನುವಾರ ಬರುತ್ತಾನೆ, ನಾನೇ ಹೇಳಬೇಕು ಅಂದುಕೊಂಡಿದ್ದೇನೆ. ಜಗಲಿಯಲ್ಲಿ ಅವನು ಕೋಲು ಗೋಡೆಗೆ ಒರಗಿಸಿಟ್ಟು ಕೂತ ಮೇಲೆ.

ಹೋದ ದಿನ ಮೇಲೆ ಹತ್ತಿ ಬಂದ ಕೂಡಲೇ ಫೋನ್ ಮಾಡು. ನಿನಗೆ ಸಂಜೆ 4 ಗಂಟೆ ಅಂದರೆ ಈಗ ನಮಗೆ ರಾತ್ರಿ ಎಂಟೂವರೆ. ಎಷ್ಟು ಹೊತ್ತಾದರೂ ಸರಿ, ಎಚ್ಚರ ಇರುತ್ತೇನೆ.

ನಿನ್ನ
ಅತ್ತೆ